ಕೊಳವೆ, ಕವಾಟ, ಕವಚ: ವಸ್ತುಗಳ ಕಡೆಯಿಂದ ಒಂದು ಸಮೀಕ್ಷೆ

ರಾಕೆಟ್ ಹಾರಿದ ಮರುದಿನ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಅಚ್ಚಾಗುತ್ತದೆ: ಬಾಹ್ಯಾಕಾಶ ಸಂಶೋಧನೆಯಿಂದ ಜನಸಾಮಾನ್ಯರಿಗೆ ದಕ್ಕಿದ ಕೊಡುಗೆಗಳು. ಅದರಲ್ಲಿ ಟೆಫ್ಲಾನ್ ಇರುತ್ತದೆ, ವೆಲ್ಕ್ರೊ ಇರುತ್ತದೆ. ಟೆಫ್ಲಾನನ್ನು ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರಲ್ಲೇ ಕಂಡಿದ್ದರು. ವೆಲ್ಕ್ರೊ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ಅವರದು. ನಾಸಾ ಹುಟ್ಟಿದ್ದು 1958ರಲ್ಲಿ, ಇವರಿಬ್ಬರ ಕೆಲಸ ಮುಗಿದ ಮೇಲೆ. ಆದರೂ ಪಟ್ಟಿ ಬದಲಾಗುವುದಿಲ್ಲ. ಯುದ್ಧಕ್ಕೋ ಚಂದ್ರಯಾನಕ್ಕೋ ಹಣ ಸುರಿದರೆ ಸಾಕು, ಆಸ್ಪತ್ರೆಗೆ ಬೇಕಾದ್ದು ತಾನಾಗಿಯೇ ಕೆಳಗಿಳಿದು ಬರುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿದೆ. ನಾರು, ರಾಳ ಬೆಸೆದ ಕಾಂಪೊಸಿಟ್ ವಸ್ತುಗಳ ನಡುವೆಯೇ ತಲೆ ನರೆಸಿಕೊಂಡ ನನ್ನಂಥವರಿಗೆ ಈ ಮಾತು ಕೇಳಿದಾಗಲೆಲ್ಲ ಕಿರಿಕಿರಿಯಾಗುತ್ತದೆ.

ಯಾವ ವಸ್ತುವೂ ತಾನಾಗಿ ಇಳಿದು ಬಂದಿಲ್ಲ. ರಣರಂಗದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಆಕಾಶಕ್ಕೆ ಒಂದು ಲೋಹವೋ ನಾರೋ ದಾಟಿದ ಕಡೆಯಲ್ಲೆಲ್ಲ ಮೂರು ಸಂಗತಿ ಕೂಡಿಬಂದಿವೆ: ಇಂಥದ್ದು ಬೇಕು ಎಂದು ಕೇಳಿಕೊಂಡು ಬಂದವರು, ಮಾಡಿಕೊಡಬಲ್ಲ ಕೈ, ಸೋಲನ್ನು ತಾಳಿಕೊಳ್ಳುವ ಪರೀಕ್ಷಾಲಯ.

ಮದ್ದಿನ ಬಾಣಗಳ ಆದಿಕಾಲವನ್ನು ಇಲ್ಲಿ ಹಿಗ್ಗಿಸಬೇಕಿಲ್ಲ. ಚೀನಾದ ಸಿಡಿಮದ್ದು ಬಿದಿರು, ಕಾಗದದ ಕೊಳವೆಗಳಲ್ಲಿ ಏಷ್ಯಾ, ಯುರೋಪುಗಳನ್ನು ಸುತ್ತಿತು. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕಾಗಿ ಮೈಸೂರು ಸೀಮೆಯ ಕುಶಲಕರ್ಮಿಗಳು ಅದನ್ನು ಕಬ್ಬಿಣದ ಕೊಳವೆಯಲ್ಲಿ ಜಡಿದರು. ಕಬ್ಬಿಣ ಒಳಗಿನ ಒತ್ತಡವನ್ನು ತಡೆಯಿತು. ಮದ್ದನ್ನು ಬಿಗಿಯಾಗಿ ತುಂಬಲು ಬಂತು. ನೂಕುಬಲ ಏರಿ ಬಾಣ ಒಂದು ಕಿಲೋಮೀಟರಿಗೂ ಆಚೆ ಹಾರಿತು. 1780ರ ಪೊಲ್ಲಿಲೂರು ಕಾಳಗದಲ್ಲಿ ಬ್ರಿಟಿಷ್ ಸೇನೆಯ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದದ್ದು ಇವುಗಳಿಂದಲೇ ಎನ್ನುವುದುಂಟು. ಆ ಕಾಳಗದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿದೆ.

2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರ ಕೆಸರು ಎತ್ತಿದಾಗ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಗೇಣುದ್ದದ, ತುಕ್ಕು ಹಿಡಿದ ಕಬ್ಬಿಣದ ತುಂಡುಗಳು; ಒಳಗೆ ಮದ್ದು ಹಾಗೇ ಇತ್ತು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಆ ಸುದ್ದಿಯನ್ನು ತಮ್ಮ ತಮ್ಮ ಕಡೆಗೆ ಎಳೆದಾಡಿದರು. ಆ ಕೊಳವೆ ಬಡಿದವರು ಯಾರು, ಕಬ್ಬಿಣ ಎಲ್ಲಿಯದು, ಅದರಲ್ಲಿ ಇಂಗಾಲದ ಪಾಲೆಷ್ಟು ಎಂದು ಕೇಳಿದವರು ಕಡಿಮೆ.

ಈ ಬಗೆಯ ಪ್ರಶ್ನೆಗಳನ್ನು ಬಹಳ ಮೊದಲೇ ಎತ್ತಿಕೊಂಡವರು ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ. ಬೆಂಗಳೂರಿನ ಎನ್‌ಎಎಲ್‌ನ ನಿರ್ದೇಶಕರಾಗಿದ್ದಾಗ, 1985ರಲ್ಲಿ, ಅವರು 1750ರಿಂದ 1850ರವರೆಗಿನ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳನ್ನು ಎದುರುಬದುರಿಟ್ಟು ಪ್ರಬಂಧವೊಂದನ್ನು ಬರೆದರು. ಅದನ್ನು ಓದಿದ ಯಾರೂ ಟಿಪ್ಪು ‘ಕ್ಷಿಪಣಿಯ ಜನಕ’ ಎಂಬ ಭಾಷಣದ ಮಾತಿಗೆ ಮರಳಲಾರರು. ಮೈಸೂರಿನಲ್ಲಿ ಕೈಚಳಕವಿತ್ತು. ಇಲ್ಲಿಂದ ಹೋದ ಮಾದರಿಗಳನ್ನು ಮುಂದಿಟ್ಟುಕೊಂಡ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನ ವುಲಿಚ್‌ನಲ್ಲಿ ಅಳತೆ, ಪ್ರಯೋಗ, ದಾಖಲೆ, ಕಾರ್ಖಾನೆ ಇವನ್ನು ಅದಕ್ಕೆ ಜೋಡಿಸಿದ. 1807ರಲ್ಲಿ ಆ ರಾಕೆಟ್‌ಗಳು ಕೋಪನ್‌ಹೇಗನ್ ನಗರಕ್ಕೆ ಬೆಂಕಿಯಿಟ್ಟವು. ಆಮೇಲೆ ಈ ವಿದ್ಯೆ ಬೆಳೆದದ್ದೆಲ್ಲ ಬರೆದಿಟ್ಟವರ ಕಡೆಯಲ್ಲೇ.

ಇಪ್ಪತ್ತನೆಯ ಶತಮಾನದಿಂದ ಒಂದೆರಡು ಪ್ರಸಂಗ ಸಾಕು. 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದಂಥ ಉಕ್ಕನ್ನು ಹುಡುಕಹೊರಟು ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದರು. ಬಂದೂಕಿಗಿಂತ ಹೆಚ್ಚಾಗಿ ಅದು ಊಟದ ಚಾಕುವಿಗೆ, ಶಸ್ತ್ರಚಿಕಿತ್ಸಕರ ಕತ್ತರಿಗೆ ಒದಗಿತು. ಅಮೆರಿಕದ ಅಟ್ಲಾಸ್ ಕ್ಷಿಪಣಿಯ ತೆಳುಗೋಡೆಯ ತೊಟ್ಟಿ ಸ್ಟೇನ್‌ಲೆಸ್ ಉಕ್ಕಿನದೇ. ಇಂದು ಮಂಗಳದ ಮಾತಾಡುವ ಸ್ಟಾರ್‌ಶಿಪ್ಪಿನ ಮೈಯೂ ಅದೇ. ಹೊಸ ಯುಗಕ್ಕೆ ಹೊಸ ವಸ್ತುವೇ ಬೇಕೆನ್ನುವವರು ಇದನ್ನು ಗಮನಿಸಬೇಕು.

ಎರಡನೆಯದು ಕಣ್ಣಿನ ಪ್ರಸಂಗ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಗವಸಿನ ಚೂರುಗಳು ಹೊಕ್ಕವು. ಅವು ಒಳಗೆ ಕೂತರೂ ಕಣ್ಣು ಕೆರಳದಿದ್ದುದನ್ನು ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಕಂಡರು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿದ ಮಸೂರವನ್ನು ರೋಗಿಯೊಬ್ಬರ ಕಣ್ಣಿಗೆ ಕೂರಿಸಿದರು. ಸಹೋದ್ಯೋಗಿಗಳೇ ಅವರನ್ನು ದಶಕಗಳ ಕಾಲ ಹೀಗಳೆದರು. ವಾಯುಸೇನೆ ಈ ಮಸೂರವನ್ನು ಯಾರಿಗೂ ‘ಕೊಡುಗೆ’ ಕೊಡಲಿಲ್ಲ; ವೈದ್ಯರೊಬ್ಬರು ಕಣ್ಣಿಟ್ಟು ನೋಡಿ ತೆಗೆದುಕೊಂಡರು. ಅದು ನಮ್ಮ ಹಳ್ಳಿಯ ಪೊರೆ ಶಸ್ತ್ರಚಿಕಿತ್ಸೆಯ ಶಿಬಿರಗಳಿಗೆ ಎಟುಕುವಂತಾಗಲು 1992ರಲ್ಲಿ ಮದುರೆಯ ಅರೋಲ್ಯಾಬ್ ಮಸೂರಗಳನ್ನು ಅಗ್ಗವಾಗಿ ತಯಾರಿಸಲು ತೊಡಗಬೇಕಾಯಿತು.

ಇನ್ನು ಕಾರ್ಬನ್ ನಾರಿಗೆ ಬರೋಣ. ನಮ್ಮ ತಲೆಮಾರಿನ ವಸ್ತು ಇದು. 1958ರಲ್ಲಿ ಅಮೆರಿಕದ ರೋಜರ್ ಬೇಕನ್, ಆಮೇಲೆ ಜಪಾನಿನ ಅಕಿಯೊ ಶಿಂಡೊ, ಬ್ರಿಟನ್ನಿನ ಫಾರ್ನ್‌ಬರೊದಲ್ಲಿ ವಿಲಿಯಂ ವಾಟ್ ತಂಡ ಹೀಗೆ ಕೈಯಿಂದ ಕೈಗೆ ಅದು ಬಲಿಯಿತು. ಅದರ ಮೊದಲ ದೊಡ್ಡ ಪಾಠ ಸೋಲಿನದು. ರೋಲ್ಸ್ ರಾಯ್ಸ್ ಕಂಪನಿ ತನ್ನ ಆರ್‌ಬಿ 211 ಜೆಟ್ ಎಂಜಿನ್ನಿಗೆ ಕಾರ್ಬನ್ ನಾರಿನ ಫ್ಯಾನ್ ಅಲಗು ಮಾಡಿತು. 1970ರಲ್ಲಿ ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಅದು ಚೂರುಚೂರಾಯಿತು. ಕಂಪನಿ ಟೈಟಾನಿಯಮ್ಮಿಗೆ ಮರಳಿತು. 1971ರಲ್ಲಿ ದಿವಾಳಿಯೂ ಎದ್ದಿತು. ಎಳೆತಕ್ಕೆ ಉಕ್ಕನ್ನು ಮೀರಿಸುವ ನಾರು ಅಡ್ಡಪೆಟ್ಟಿಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ನಾವೆಲ್ಲ ಕಲಿತದ್ದು ಆ ಅಲಗಿನಿಂದ.

ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಂಗಳೂರು, ಹೈದರಾಬಾದ್, ತಿರುವನಂತಪುರಗಳ ಪ್ರಯೋಗಾಲಯಗಳು ಬುಡದಿಂದಲೇ ಕಲಿತವು. 1987ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣದ ಕೂಟ ಕಟ್ಟಿಕೊಂಡ ಶ್ರೀಮಂತ ದೇಶಗಳು ಹೊರಗಿನ ಬಾಗಿಲನ್ನು ಬಿಗಿ ಮಾಡಿದ್ದರಿಂದ ಒಳಗೇ ಮಾಡಿಕೊಳ್ಳುವುದು ಅನಿವಾರ್ಯವಾಯಿತು. ಹೊರಗಿನವರಿಗೆ ಈ ಕೆಲಸದ ಬಗೆ ತಿಳಿಯದು. ಕಾರ್ಬನ್-ಕಾರ್ಬನ್ ಎಂಬ ಬಿಸಿ ತಾಳುವ ವಸ್ತುವನ್ನೇ ತೆಗೆದುಕೊಳ್ಳಿ. ನಾರನ್ನು ಬೇಕಾದ ಆಕಾರಕ್ಕೆ ನೇಯುವುದು, ರಾಳ ಕುಡಿಸುವುದು, ಗಾಳಿಯಿಲ್ಲದ ಕುಲುಮೆಯಲ್ಲಿ ಗಂಟೆಗೆ ಕೆಲವೇ ಡಿಗ್ರಿಯಂತೆ ಏರಿಸುತ್ತ ಸುಡುವುದು. ರಾಳ ಇಂಗಾಲವಾಗುತ್ತದೆ, ಅನಿಲ ಹೊರಬಿದ್ದ ಕಡೆ ರಂಧ್ರ ಉಳಿಯುತ್ತದೆ. ಮತ್ತೆ ರಾಳ ಕುಡಿಸಬೇಕು, ಮತ್ತೆ ಸುಡಬೇಕು. ಅವಸರಪಟ್ಟು ಕಾಯಿಸಿದರೆ ಅನಿಲ ಪದರಗಳನ್ನು ಸೀಳಿಕೊಂಡು ಬರುತ್ತದೆ. ವಾರಗಟ್ಟಲೆಯ ಶ್ರಮ ರದ್ದಿಗೆ. ತುಂಡು ಕತ್ತರಿಸಿ, ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟಾಗ ಕಾಣುವ ಕೂದಲೆಳೆಯ ಬಿರುಕೇ ನಮ್ಮ ಪಾಲಿನ ಪರೀಕ್ಷೆಯ ಫಲಿತಾಂಶ. 1989ರ ಮೇ 22ರಂದು ಹಾರಿದ ಅಗ್ನಿ ಕ್ಷಿಪಣಿಯ ಮೂತಿ ವಾತಾವರಣಕ್ಕೆ ಮರಳುವಾಗಿನ ಬೇಗೆಯನ್ನು ತಡೆದದ್ದರ ಹಿಂದೆ, 2001ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಏರಿದ ತೇಜಸ್‌ನ ಕಾರ್ಬನ್ ರೆಕ್ಕೆಯ ಹಿಂದೆ ಇರುವುದು ಈ ತಾಳ್ಮೆ. ಫೋಟೊದಲ್ಲಿ ಪೈಲಟ್ ಇರುತ್ತಾರೆ, ಮಂತ್ರಿ ಇರುತ್ತಾರೆ. ಕುಲುಮೆಯ ಮುಂದೆ ರಾತ್ರಿ ಪಾಳಿ ಕಾದವರು ಇರುವುದಿಲ್ಲ.

ಅಗ್ನಿಯ ವಸ್ತು ಕಾಲಿಗೆ ಬಂದ ಕಥೆಯನ್ನು ಅಬ್ದುಲ್ ಕಲಾಂ ಅವರೇ ಹಲವು ಸಲ ಹೇಳಿದ್ದಾರೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಮೂಳೆತಜ್ಞರೊಬ್ಬರು ಅವರ ಪ್ರಯೋಗಾಲಯಕ್ಕೆ ಬಂದು ಈ ಕಾಂಪೊಸಿಟ್ ತುಂಡನ್ನು ಕೈಯಲ್ಲೆತ್ತಿ ನೋಡಿ, ತಮ್ಮ ವಾರ್ಡಿಗೆ ಕರೆದೊಯ್ದರು. ಅಲ್ಲಿ ಪೋಲಿಯೊ ಪೀಡಿತ ಮಕ್ಕಳು ಕಾಲಿಗೆ ಕಟ್ಟಿದ, ಮೂರು ಕಿಲೋಗೂ ಮಿಗಿಲಾದ ಲೋಹದ ಕ್ಯಾಲಿಪರ್ ಎಳೆಯುತ್ತಿದ್ದರು. ಕೆಲವೇ ವಾರದಲ್ಲಿ ಮುನ್ನೂರು ಗ್ರಾಂ ತೂಕದ ಕ್ಯಾಲಿಪರ್ ತಯಾರಾಯಿತು. ಕಥೆ ಕೇಳಿ ಸಭೆ ಚಪ್ಪಾಳೆ ತಟ್ಟುತ್ತದೆ. ಅದರಲ್ಲಿ ಮುಖ್ಯವಾದ ಪಾತ್ರ ಬಾಗಿಲು ತಟ್ಟಿದ ಆ ವೈದ್ಯರದು ಎಂಬುದು ಚಪ್ಪಾಳೆಯಲ್ಲಿ ಮರೆತುಹೋಗುತ್ತದೆ. ಕಬ್ಬಿಣದ ಸರಳು, ಚರ್ಮದ ಪಟ್ಟಿಯ ಭಾರದ ಕ್ಯಾಲಿಪರ್‌ಗಳು ನಮ್ಮ ಊರುಗಳಲ್ಲಿ ಇಂದಿಗೂ ಕಾಣಸಿಗುತ್ತವೆ ಎಂಬುದೂ ಮರೆತುಹೋಗುತ್ತದೆ.

ಈ ಇಡೀ ಕ್ಷೇತ್ರದಲ್ಲಿ ನನ್ನ ಮಟ್ಟಿಗೆ ಅತ್ಯಂತ ದೊಡ್ಡ ಸಾಧನೆ ರಾಕೆಟ್ ಅಲ್ಲ, ಒಂದು ಕವಾಟ. ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯಥಾನ್ ಮತ್ತು ಅವರ ಎಂಜಿನಿಯರುಗಳು ಕೃತಕ ಹೃದಯ ಕವಾಟಕ್ಕೆ ಕೈಹಾಕಿದಾಗ ಆಮದು ಕವಾಟದ ಬೆಲೆ ನಮ್ಮ ರೋಗಿಗಳಿಗೆ ಎಟುಕುವಂತಿರಲಿಲ್ಲ. ಹೃದಯ ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಸಲ ಬಡಿಯುತ್ತದೆ. ಕವಾಟದ ಬಿಲ್ಲೆ ಅಷ್ಟು ಸಲವೂ ತೆರೆದು ಮುಚ್ಚಬೇಕು, ರಕ್ತ ಹೆಪ್ಪುಗಟ್ಟಬಾರದು, ಸವೆಯಬಾರದು. ಒಂದು ಮಾದರಿಯ ಬೆಸುಗೆ ಮುರಿಯಿತು. ಇನ್ನೊಂದರಲ್ಲಿ ಟೈಟಾನಿಯಂ ಸವೆಯಿತು. ಮತ್ತೊಂದರಲ್ಲಿ ನೀಲಮಣಿ ಹರಳಿನ ಬಿಲ್ಲೆ ಕುರಿಯ ಮೇಲಿನ ಪ್ರಯೋಗದಲ್ಲಿ ಒಡೆಯಿತು. ಕೊನೆಗೆ ಜೆಟ್ ಎಂಜಿನ್ನಿನ ಬಿಸಿಗಾಗಿ ಹುಟ್ಟಿದ ಹೇನ್ಸ್-25 ಎಂಬ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ಅತಿ ದೀರ್ಘ ಸರಪಳಿಯ ಪಾಲಿಥೀನ್ ಬಿಲ್ಲೆ ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಜೋಡಿಸಿದರು. ಟಿಟಿಕೆ ಕಂಪನಿ ತಯಾರಿಸುವ ಆ ಕವಾಟ ಇಂದು ಲಕ್ಷಕ್ಕೂ ಹೆಚ್ಚು ಎದೆಗಳನ್ನು ಸೇರಿದೆ. ವಲಿಯಥಾನ್ ಮುಂದೆ ಮಣಿಪಾಲದಲ್ಲಿ ಮಾಹೆ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಮುರಿದ ಮಾದರಿಗಳ ಬಗ್ಗೆ ಈ ತಂಡ ಮುಚ್ಚುಮರೆಯಿಲ್ಲದೆ ಬರೆಯಿತು. ಸೋಲಿನ ದಾಖಲೆಯ ವಿಷಯದಲ್ಲಿ ನಮ್ಮ ರಕ್ಷಣಾ ವಲಯ ಈ ಆಸ್ಪತ್ರೆಯಿಂದ ಕಲಿಯಬೇಕಾದ್ದು ಬಹಳವಿದೆ.

ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಯ ಮೂತಿಗೆಂದು ಹುಡುಕುತ್ತ ಕಂಡ ನಿಟಿನಾಲ್ ಎಂಬ ಆಕಾರ ಮರೆಯದ ಲೋಹ ಮೊದಲು ಹಲ್ಲಿನ ತಂತಿಯಾಗಿ, ಆಮೇಲೆ ರಕ್ತನಾಳದ ಸ್ಟೆಂಟಾಗಿ ಒದಗಿದ್ದನ್ನು ಈ ಸಾಲಿಗೇ ಸೇರಿಸಬಹುದು.

ಬಾಹ್ಯಾಕಾಶದಲ್ಲಿ ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾಸಾದ ಕೊಲಂಬಿಯಾ ನೌಕೆ ಸಾಕ್ಷಿ. 2003ರ ಜನವರಿ 16ರಂದು ಮೇಲೇರಿದ 82ನೆಯ ಸೆಕೆಂಡಿಗೆ ಇಂಧನ ತೊಟ್ಟಿಯಿಂದ ಕಳಚಿದ, ಮುಕ್ಕಾಲು ಕಿಲೋದಷ್ಟಿದ್ದ ನೊರೆತುಂಡೊಂದು ಎಡರೆಕ್ಕೆಯ ಅಂಚಿನ ಕಾರ್ಬನ್-ಕಾರ್ಬನ್ ಹಲಗೆಗೆ ಬಡಿಯಿತು. ಇಷ್ಟು ಹಗುರದ ನೊರೆ ಏನು ಮಾಡೀತು ಎಂದು ಅಧಿಕಾರಿಗಳು ಬಿಟ್ಟರು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳೂ ಮಂದಿ ಹೋದರು. ಆ ಜುಲೈನಲ್ಲಿ ಅಂಥದೇ ಹಲಗೆಗೆ ಅಂಥದೇ ನೊರೆಯನ್ನು ಹೊಡೆದು ನೋಡಿದಾಗ ಆಳು ತಲೆ ತೂರಿಸುವಷ್ಟು ದೊಡ್ಡ ತೂತು ಬಿತ್ತು. ಅಡ್ಡಪೆಟ್ಟಿಗೆ ಒಡೆದ 1970ರ ಅಲಗಿನ ಪಾಠವೇ ಇದು. ಮೂವತ್ತಮೂರು ವರ್ಷ ಕಳೆದಿದ್ದರೂ ಮೇಜಿನಿಂದ ಮೇಜಿಗೆ ದಾಟಿರಲಿಲ್ಲ.

ಇಸ್ರೊ ರೂಪಿಸುತ್ತಿರುವ ನಮ್ಮ ಮರುಬಳಕೆಯ ವಾಹನವೂ ಈ ಪಾಠವನ್ನೇ ಎದುರಿಸಲಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ 2023ರ ಏಪ್ರಿಲ್‌ನಿಂದ 2024ರ ಜೂನ್‌ವರೆಗೆ ಮೂರು ಸಲ ‘ಪುಷ್ಪಕ್’ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನೇ ಬಂದು ಓಡುದಾರಿಗೆ ಇಳಿಯಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಇಳಿದು ಗಂಟೆಗೆ 300 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ನೆಲ ಮುಟ್ಟಿತು. ಸೊಗಸಾದ ಕೆಲಸ. ಆದರೆ ಅದು ಇಳಿಯುವ ಪರೀಕ್ಷೆ, ಸುಡುವ ಪರೀಕ್ಷೆಯಲ್ಲ. ಕಕ್ಷೆಯಿಂದ ಮರಳುವಾಗಿನ ಬೇಗೆಯನ್ನು ಅದೇ ಮೈ ಮತ್ತೆ ಮತ್ತೆ ತಾಳುವುದೇ ನಿಜವಾದ ಸವಾಲು. ಪುಷ್ಪಕ್‌ಗಿಂತ ಕಡಿಮೆ ಸದ್ದು ಮಾಡಿ ಹೆಚ್ಚು ಭರವಸೆ ಕೊಟ್ಟದ್ದು 2024ರ ಏಪ್ರಿಲ್‌ನಲ್ಲಿ ಇಸ್ರೊ ಪ್ರಕಟಿಸಿದ ಕಾರ್ಬನ್-ಕಾರ್ಬನ್ ನಳಿಕೆ. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತದ ಲೋಹದ ನಳಿಕೆಗಿಂತ ಅದು ಮೂರನೇ ಎರಡು ಪಾಲು ಹಗುರ. ಹದಿನೈದು ಕಿಲೋ ಹೆಚ್ಚಿನ ಹೊರೆ ಒಯ್ಯಬಹುದು. ಪತ್ರಿಕೆಗಳ ಮುಖಪುಟಕ್ಕೆ ಹದಿನೈದು ಕಿಲೋ ಸಾಲದು, ಎಂಜಿನಿಯರಿಗೆ ಧಾರಾಳವಾಯಿತು.

ದೂರದ ಯಾನಕ್ಕೆ ಬಂದರೆ ಚಂದ್ರ, ಮಂಗಳಗಳ ದಾರಿಯಲ್ಲಿ ಮನುಷ್ಯನ ಮೈಗೆ ವಿಕಿರಣದ ಕಾಟ ದೊಡ್ಡದು. ಜಲಜನಕ ಹೆಚ್ಚಿರುವ ವಸ್ತು ಅದನ್ನು ಅಲ್ಯೂಮಿನಿಯಮ್ಮಿಗಿಂತ ಚೆನ್ನಾಗಿ ತಡೆಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಮಲಗುವ ಜಾಗಕ್ಕೆ ಹಾಕಿರುವುದು ಪಾಲಿಥೀನ್. ಅತಿ ದೀರ್ಘ ಸರಪಳಿಯ ಪಾಲಿಥೀನ್ ನಾರಿನಿಂದಲೇ ಗುಂಡು ತಡೆಯುವ ಕವಚಗಳೂ ಆಗುತ್ತವೆ. ಹೃದಯದ ಕವಾಟಕ್ಕೆ, ಸೈನಿಕನ ಎದೆಗೆ, ಗಗನಯಾತ್ರಿಯ ಗೋಡೆಗೆ ಒಂದೇ ಮನೆತನದ ಪ್ಲಾಸ್ಟಿಕ್ ಒದಗುತ್ತಿದೆ. ಇದನ್ನು ಬಲ್ಲವರು ಮಾತ್ರ ಮೂರು ಬೇರೆ ಬೇರೆ ಕಟ್ಟಡಗಳಲ್ಲಿ, ಮೂರು ಬೇರೆ ಮಂತ್ರಾಲಯಗಳ ಕೈಕೆಳಗೆ ಕೂತಿದ್ದಾರೆ.

ಕೊರತೆಗಳ ಲೆಕ್ಕ ದೊಡ್ಡದು. ಉತ್ತಮ ದರ್ಜೆಯ ಕಾರ್ಬನ್ ನಾರಿಗೆ ಇನ್ನೂ ಬಹುಪಾಲು ಹೊರದೇಶದ ಮುಖ ನೋಡುತ್ತೇವೆ. ನೇಯುವುದರಲ್ಲಿ, ಸುಡುವುದರಲ್ಲಿ ಪಳಗಿದ ನಾವು ನಾರನ್ನೇ ಎಳೆಯುವುದರಲ್ಲಿ ಹಿಂದುಳಿದೆವು. ಕುಲುಮೆಯ ಮುಂದೆ ಪಳಗಿದ ತಂತ್ರಜ್ಞರು ನಿವೃತ್ತರಾದಾಗ ಅವರ ತಿಳಿವಳಿಕೆ ಎಲ್ಲೂ ಬರಹವಾಗಲಿಲ್ಲ. ಮೈಸೂರಿನ ಕುಶಲಕರ್ಮಿಗಳ ವಿಷಯದಲ್ಲಿ ಆದದ್ದೇ ನಮ್ಮ ಕಣ್ಣೆದುರು ಮತ್ತೆ ಆಗುತ್ತಿದೆ. ಆಗ ಬರೆದಿಟ್ಟುಕೊಳ್ಳುವವನಾಗಿ ಕಾಂಗ್ರೀವ್ ಆದರೂ ಇದ್ದ. ವೈದ್ಯರು ಪ್ರಯೋಗಾಲಯಕ್ಕೆ ಬರುವುದು ಇಂದಿಗೂ ಉದ್ಘಾಟನೆಯ ಅತಿಥಿಗಳಾಗಿ.

ಹೊಸ ಯೋಜನೆಗಳಿಗೆ ಹಣ ಮಂಜೂರು ಮಾಡುವವರಿಗೆ ಒಂದು ಸಣ್ಣ ಷರತ್ತು ಹಾಕಲು ಅಡ್ಡಿಯಿಲ್ಲ. ರಕ್ಷಣೆಗೋ ಬಾಹ್ಯಾಕಾಶಕ್ಕೋ ಮಾಡುವ ಪ್ರತಿ ಹೊಸ ವಸ್ತುವಿನ ಪರಿಶೀಲನಾ ಸಮಿತಿಯಲ್ಲಿ ಮೊದಲ ದಿನದಿಂದ ಒಬ್ಬ ಶಸ್ತ್ರಚಿಕಿತ್ಸಕ ಇರಲಿ; ಮುರಿದ ಪ್ರತಿ ಮಾದರಿಯ ವರದಿ, ಗುಟ್ಟಿನ ಭಾಗ ತೆಗೆದು, ಹೊರಗಿನವರ ಓದಿಗೂ ಸಿಗಲಿ. ಇದಕ್ಕೆ ತಗಲುವ ಖರ್ಚು ಒಂದು ಉಡಾವಣೆಯ ಜಾಹೀರಾತಿಗಿಂತ ಕಡಿಮೆ. ಇಷ್ಟನ್ನು ಮಾಡದೆ ಬಾಹ್ಯಾಕಾಶದ ಕೊಡುಗೆಗಳ ಪಟ್ಟಿ ಅಚ್ಚು ಹಾಕುವುದಕ್ಕೆ ಅರ್ಥವಿಲ್ಲ.