ಪೂಲಿಗೆ ಹೋದ ಕಾಫಿ: ಯುದ್ಧೋತ್ತರ ರಾಜತಾಂತ್ರಿಕ ಬಿಕ್ಕಟ್ಟು ಮತ್ತು ಸಕಲೇಶಪುರ ಸೀಮೆ

ಮಲೆನಾಡಿನ ಕಾಫಿ ಚರಿತ್ರೆ ಬರೆದವರು ಸಾಮಾನ್ಯವಾಗಿ ಬಾಬಾ ಬುಡನ್‌ಗಿರಿಯಿಂದ ಹೊರಟು, ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್‌ನಂಥ ಬಿಳಿಯ ಪ್ಲಾಂಟರುಗಳನ್ನು ಹಾದು, ಕಾಫಿ ಬೋರ್ಡಿಗೆ ಬಂದು ನಿಲ್ಲುತ್ತಾರೆ. ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಬೋರ್ಡೇ ಮಾರುವ ಪೂಲ್ ಪದ್ಧತಿಯನ್ನು ಯುದ್ಧಕಾಲದ ಆಡಳಿತ ಕ್ರಮವೆಂದು ಎರಡು ವಾಕ್ಯದಲ್ಲಿ ಮುಗಿಸುವುದು ರೂಢಿ. ಯುದ್ಧ ಮುಗಿದ ಮೇಲೂ ಅದು ಅರ್ಧ ಶತಮಾನ ಉಳಿದದ್ದೇಕೆ? ಸಕಲೇಶಪುರದ ಆನೇಮಹಲ್ ಸುತ್ತಿನ ತೋಟಗಳಲ್ಲಿ ಇದಕ್ಕೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಮಿಕ್ಕದ್ದನ್ನು ವಾಷಿಂಗ್ಟನ್, ರಿಯೋ, ಮಾಸ್ಕೋಗಳಲ್ಲಿ ಹುಡುಕಬೇಕು.

ಯುದ್ಧಕ್ಕೆ ಮುಂಚೆ ನಮ್ಮ ಕಾಫಿಗೆ ಯುರೋಪೇ ದೊಡ್ಡ ಗಿರಾಕಿ. 1940ರ ಹೊತ್ತಿಗೆ ಆ ಬಾಗಿಲು ಮುಚ್ಚಿತು. ಅದೇ ವರ್ಷ ಭಾರತ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಕಾಫಿ ಮಾರಾಟವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. 1942ರಲ್ಲಿ ಅದು ಕಾಯ್ದೆಯಾಯಿತು. ಅತ್ತ ಅಮೆರಿಕ 1940ರ ನವೆಂಬರಿನಲ್ಲಿ ಹದಿನಾಲ್ಕು ಲ್ಯಾಟಿನ್ ಅಮೆರಿಕನ್ ದೇಶಗಳ ಜೊತೆ ಕೋಟಾ ಒಪ್ಪಂದ ಮಾಡಿಕೊಂಡಿತು. ಆ ದೇಶಗಳು ಜರ್ಮನಿಯ ಕಡೆ ವಾಲಬಾರದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಅಲ್ಲಿಂದಾಚೆಗೆ ಕಾಫಿಯ ಬೆಲೆ ವಿದೇಶಾಂಗ ನೀತಿಯ ವಿಷಯವಾಯಿತು.

ಇಲ್ಲಿನ ಬೆಳೆಗಾರ ಮನೆ ಖರ್ಚಿಗೂ ಬಿತ್ತನೆಗೂ ಇಟ್ಟುಕೊಂಡು ಉಳಿದದ್ದನ್ನೆಲ್ಲ ಪೂಲಿಗೆ ಹಾಕಬೇಕಿತ್ತು. ಪಲ್ಪರಿಗೆ ಕೊಟ್ಟು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಕಣದಲ್ಲಿ ಹರಡಿ ಒಣಗಿಸಿದ ಚೆರಿ, ಎರಡೂ ಕ್ಯೂರಿಂಗ್ ವರ್ಕ್ಸ್ ಸೇರುತ್ತಿದ್ದವು. ಅಲ್ಲಿ ದರ್ಜೆ ಕಟ್ಟಿ, ದರ್ಜೆಗಿಷ್ಟು ಪಾಯಿಂಟು ಎಂದು ಲೆಕ್ಕ ಬರೆಯುತ್ತಿದ್ದರು. ಕೈಗೆ ಮೊದಲು ಬರುವುದು ಮುಂಗಡ. ಮಿಕ್ಕ ಹಣ ಪಾಯಿಂಟಿನ ದರ ಗೊತ್ತಾದಂತೆ ಕಂತು ಕಂತಾಗಿ. ಕೊನೆಯ ಕಂತಿಗೆ ಕಾಯುತ್ತಲೇ ಮುಂದಿನ ಕೊಯ್ಲು ಬಂದುಬಿಡುತ್ತಿತ್ತು.

1946ರಲ್ಲಿ ಅಮೆರಿಕ ಯುದ್ಧಕಾಲದ ಬೆಲೆ ಮಿತಿ ತೆಗೆದುಹಾಕಿತು. 1949ರ ಕೊನೆಗೆ ದರ ಜಿಗಿದಾಗ ಅಲ್ಲಿನ ಸೆನೆಟ್ ಉಪಸಮಿತಿ, ಗೈ ಜಿಲೆಟ್ ಅಧ್ಯಕ್ಷತೆಯಲ್ಲಿ, ವಿಚಾರಣೆ ನಡೆಸಿತು. 1950ರ ಅದರ ವರದಿಗೆ ಲ್ಯಾಟಿನ್ ದೇಶಗಳಿಂದ ರಾಜತಾಂತ್ರಿಕ ಪ್ರತಿಭಟನೆಯೇ ಬಂತು. ಯುರೋಪಿನ ಪುನರ್ನಿರ್ಮಾಣಕ್ಕೆ ಡಾಲರು ಸುರಿಯುವವರು ನಮ್ಮ ಬೆಳೆಯ ನಾಲ್ಕು ಕಾಸಿಗೆ ಕಣ್ಣು ಹಾಕುತ್ತಾರೆಂಬ ಸಿಟ್ಟು ಅವರದು. ನನಗೆ ಅದು ನ್ಯಾಯವಾದ ಸಿಟ್ಟೇ ಎನಿಸುತ್ತದೆ. 1953ರ ಜುಲೈನಲ್ಲಿ ಬ್ರೆಜಿಲಿನ ಪರಾನಾ ತೋಟಗಳು ಹೆಪ್ಪುಗಟ್ಟಿಸುವ ಚಳಿಗೆ ಸುಟ್ಟವು. ಮರುವರ್ಷ ದರ ಆಕಾಶಕ್ಕೇರಿ, ಅಮೆರಿಕನ್ನರು ಕೊಳ್ಳುವುದನ್ನು ಕಡಿಮೆ ಮಾಡುತ್ತಲೇ ಕುಸಿಯಿತು. 1954ರ ಆಗಸ್ಟ್ 24ರಂದು ಆತ್ಮಹತ್ಯೆ ಮಾಡಿಕೊಂಡ ಬ್ರೆಜಿಲ್ ಅಧ್ಯಕ್ಷ ಗೆಟುಲಿಯೊ ವರ್ಗಾಸ್ ಬಿಟ್ಟುಹೋದ ಪತ್ರದಲ್ಲಿ ಕಾಫಿ ಬೆಲೆಯ ಪ್ರಸ್ತಾಪವೂ ಇದೆ.

ಈ ಏರಿಳಿತ ಸಕಲೇಶಪುರ, ಆಲೂರುಗಳ ತೋಟಕ್ಕೆ ನೇರವಾಗಿ ತಟ್ಟಲಿಲ್ಲ; ನಡುವೆ ಪೂಲ್ ಇತ್ತು. 1950–51ರಲ್ಲಿ ಇಡೀ ಭಾರತದ ಕಾಫಿ ಸುಮಾರು 19,000 ಟನ್. ಬ್ರೆಜಿಲಿನದು ಹತ್ತು ಲಕ್ಷ ಟನ್ನಿನ ಆಸುಪಾಸು. ದರ ಏರಿದಾಗ ಲಾಭ ಬಾಚಿಕೊಳ್ಳಲು ಪೂಲ್ ಬಿಡಲಿಲ್ಲ ಎಂಬ ಬೆಳೆಗಾರರ ಆಕ್ಷೇಪ ಸುಳ್ಳಲ್ಲ. ಆದರೆ ಇಳಿದಾಗ ಹೊಡೆತ ತಪ್ಪಿಸಿದ್ದೂ ಅದೇ. ದೊಡ್ಡ ದೇಶಗಳ ಜಗಳದ ನಡುವೆ ಇಷ್ಟು ಸಣ್ಣ ಬೆಳೆಗಾರ ದೇಶಕ್ಕೆ ಬೇರೆ ರಕ್ಷಣೆ ಏನಿತ್ತು?

1953ರ ಡಿಸೆಂಬರ್ 2ರ ಭಾರತ–ಸೋವಿಯತ್ ವಾಣಿಜ್ಯ ಒಪ್ಪಂದ ಇನ್ನೊಂದು ದಾರಿ ತೆರೆಯಿತು: ರೂಪಾಯಿಯಲ್ಲಿ ಪಾವತಿ. ಅತ್ತ ಕ್ಯೂಬಾ ಕ್ರಾಂತಿಯ ನಂತರ ಲ್ಯಾಟಿನ್ ಅಮೆರಿಕದ ಬಡತನ ಕಮ್ಯುನಿಸಂಗೆ ದಾರಿಯಾದೀತೆಂದು ಹೆದರಿದ ಅಮೆರಿಕ, ಅಷ್ಟು ದಿನ ಬೇಡವೆನ್ನುತ್ತಿದ್ದ ಜಾಗತಿಕ ಕೋಟಾಕ್ಕೆ ಒಪ್ಪಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಹುಟ್ಟಿದ್ದು ಹೀಗೆ, ಭಾರತವೂ ಸೇರಿತು. ಆ ಒಪ್ಪಂದದಲ್ಲಿ ಸೋವಿಯತ್ ಒಕ್ಕೂಟ ಕೋಟಾದ ಹೊರಗಿನ ಮಾರುಕಟ್ಟೆ. ಕೋಟಾ ಮೀರಿದ ಕಾಫಿಯನ್ನು ಬೋರ್ಡು ಅಲ್ಲಿಗೆ ಕಳಿಸಬಹುದಿತ್ತು. 1980ರ ದಶಕಕ್ಕೆ ಮಾಸ್ಕೋವೇ ನಮ್ಮ ಅತಿ ದೊಡ್ಡ ಗಿರಾಕಿ. 1989ರಲ್ಲಿ ಕೋಟಾ ಬಿದ್ದುಹೋಯಿತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, 1996ರ ಹೊತ್ತಿಗೆ ಪೂಲ್ ಕೂಡ ಮುಗಿದಿತ್ತು. ಈ ಮೂರನ್ನೂ ಕೇವಲ ಉದಾರೀಕರಣದ ಖಾತೆಗೆ ಬರೆಯುವ ಚರಿತ್ರೆ ಶೀತಲ ಸಮರದ ಪಾಲನ್ನು ಲೆಕ್ಕದಿಂದ ಬಿಟ್ಟಿದೆ.