ಮಾರುತಿ 800 ಶಾಕ್ ಅಬ್ಸಾರ್ಬರ್, ಸ್ಟ್ರಟ್ ಮನೆಯಲ್ಲೇ ಬದಲಿಸಬಹುದೇ? ಹಿಂಭಾಗ ಸುಲಭ, ಮುಂಭಾಗದಲ್ಲಿದೆ ಅಪಾಯ

ಗುರುಗ್ರಾಮ: ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗಾಡುತ್ತದೆ. ಬ್ರೇಕ್ ಒತ್ತಿದರೆ ಮೂತಿ ಕೆಳಗೆ ಬಾಗುತ್ತದೆ. ಗುಂಡಿಗೆ ಇಳಿದಾಗ ಎಲ್ಲೋ ‘ಟಕ್’ ಎಂಬ ಸದ್ದು. ಹಳೆಯ ಮಾರುತಿ 800 ಇಟ್ಟುಕೊಂಡವರಿಗೆ ಇವೆಲ್ಲ ಪರಿಚಿತ. ಶಾಕ್ ಅಬ್ಸಾರ್ಬರ್ ಸೋತಿದೆ ಎಂಬುದರ ಸೂಚನೆ ಇದು. ಕಾರು ಚಿಕ್ಕದು, ರಚನೆ ಸರಳ. ಹಾಗಾಗಿ ಭಾನುವಾರ ಮನೆಯಲ್ಲೇ ಬಿಚ್ಚಿ ಹಾಕೋಣ ಎಂದು ಹಲವರಿಗೆ ಅನ್ನಿಸುತ್ತದೆ. ಕೆಲಸದ ಅರ್ಧ ಭಾಗವನ್ನು ಧಾರಾಳವಾಗಿ ಮಾಡಬಹುದು. ಇನ್ನರ್ಧದಲ್ಲಿ ಒಂದು ನಟ್ ತಪ್ಪಾಗಿ ಬಿಚ್ಚಿದರೆ ಕೈ, ಮುಖ, ಜೀವಕ್ಕೇ ಸಂಚಕಾರ.

ಗುರುಗ್ರಾಮದ ಕಾರು, ಗುರುಗ್ರಾಮದಲ್ಲೇ ಓಡುವಂತಿಲ್ಲ

ಮಾರುತಿ 800 ಹುಟ್ಟಿದ್ದು ಗುರುಗ್ರಾಮದ ಕಾರ್ಖಾನೆಯಲ್ಲಿ. 1983ರ ಡಿಸೆಂಬರ್ 14ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರಿಗೆ ನೀಡಿದರು. ಅವರು ಇಂಡಿಯನ್ ಏರ್‌ಲೈನ್ಸ್ ಉದ್ಯೋಗಿ. 2010ರಲ್ಲಿ ನಿಧನರಾಗುವವರೆಗೂ ಅವರು ಆ ಕಾರನ್ನು ಮಾರಲಿಲ್ಲ. ನಂತರ ಕಂಪನಿಯೇ ಅದನ್ನು ಮೊದಲಿನ ರೂಪಕ್ಕೆ ತಂದು ತನ್ನ ಮುಖ್ಯ ಕಚೇರಿಯಲ್ಲಿ ಇರಿಸಿತು. 2014ರ ಜನವರಿಯಲ್ಲಿ ಮಾರುತಿ 800 ಉತ್ಪಾದನೆ ನಿಂತಿತು.

ಆದರೆ ಗುರುಗ್ರಾಮದ ಮಾಲೀಕರ ಸ್ಥಿತಿ ವಿಚಿತ್ರ. ದೆಹಲಿ ಎನ್‌ಸಿಆರ್‌ನಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರು ರಸ್ತೆಗಿಳಿಯಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಮಾರುತಿ 800 ಬಿಎಸ್-4 ಮಾನದಂಡಕ್ಕೆ ಏರಲೇ ಇಲ್ಲ. ಹಾಗಾಗಿ 2010ರ ಏಪ್ರಿಲ್‌ನಿಂದ ದೆಹಲಿ ಎನ್‌ಸಿಆರ್, ಬೆಂಗಳೂರು ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತ್ತು. ಅಂದರೆ ಗುರುಗ್ರಾಮದಲ್ಲಿ ಹೊಸದಾಗಿ ಕೊಂಡ ಪ್ರತಿಯೊಂದು ಮಾರುತಿ 800 ಈಗ 15 ವರ್ಷ ದಾಟಿದೆ. 2025ರ ಆಗಸ್ಟ್‌ನಲ್ಲಿ ಹಳೆಯ ಕಾರುಗಳ ಮಾಲೀಕರಿಗೆ ಸುಪ್ರೀಂ ಕೋರ್ಟ್ ರಕ್ಷಣೆ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಅದನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಮಾರುತಿ 800 ಅದರ ಹೊರಗೆ ಉಳಿಯಿತು.

ವಿಂಟೇಜ್ ಎಂಬ ದಾರಿಯೂ ಸದ್ಯಕ್ಕಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ಮೊಟ್ಟಮೊದಲ ಮಾರುತಿ 800ಕ್ಕೇ 50 ತುಂಬುವುದು 2033ರ ಕೊನೆಗೆ. ಹಾಗಾಗಿ ಅಲ್ಲಿನ ಮಾಲೀಕರಿಗೆ ಉಳಿಯುವುದು ಎರಡೇ ದಾರಿ. ಕಾರನ್ನು ಮನೆಯಲ್ಲಿ ನಿಲ್ಲಿಸಿ ಕಾಪಾಡಿಕೊಳ್ಳುವುದು ಒಂದು. ಎನ್‌ಒಸಿ ಪಡೆದು ಬೇರೆ ರಾಜ್ಯಕ್ಕೆ ಒಯ್ಯುವುದು ಇನ್ನೊಂದು. ಕರ್ನಾಟಕದಲ್ಲಿ 15 ವರ್ಷದ ನಂತರ ಆರ್‌ಟಿಒ ತಪಾಸಣೆ ಪಾಸಾದರೆ ಖಾಸಗಿ ಕಾರಿನ ಆರ್‌ಸಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಊರಿಗೆ ಮರಳುವ ಎನ್‌ಸಿಆರ್ ಕನ್ನಡಿಗರು ಅಪ್ಪನ ಕಾಲದ ಕಾರನ್ನೂ ಜೊತೆಗೆ ತರಬೇಕೆಂದಿದ್ದರೆ, ಹೊರಡುವ ಮುನ್ನ ನೋಡಬೇಕಾದವುಗಳಲ್ಲಿ ಸಸ್ಪೆನ್ಷನ್ ಮುಖ್ಯವಾದದ್ದು.

ಶಾಕ್ ಬೇರೆ, ಸ್ಟ್ರಟ್ ಬೇರೆ

ಗುಂಡಿಯ ಹೊಡೆತವನ್ನು ಮೊದಲು ತಡೆಯುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿಯುವುದು ಶಾಕ್ ಅಬ್ಸಾರ್ಬರ್. ಒಳಗಿನ ಆಯಿಲ್ ಸಣ್ಣ ರಂಧ್ರಗಳ ಮೂಲಕ ಒತ್ತಡದಲ್ಲಿ ಹರಿಯುವಾಗ ಆ ಕುಣಿತದ ಶಕ್ತಿ ಶಾಖವಾಗಿ ಕರಗುತ್ತದೆ. ಸೀಲ್ ಹೋಗಿ ಆಯಿಲ್ ಸೋರಿದರೆ ಸ್ಪ್ರಿಂಗ್‌ಗೆ ಕಡಿವಾಣ ಇಲ್ಲ. ಟೈರ್ ರಸ್ತೆ ಬಿಟ್ಟು ಜಿಗಿಯುತ್ತದೆ, ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಇದು ಬರೀ ಆರಾಮದ ಪ್ರಶ್ನೆಯಲ್ಲ.

ಸ್ಟ್ರಟ್ ಎಂದರೆ ಶಾಕ್ ಅಬ್ಸಾರ್ಬರ್ ಜೊತೆಗೆ ಸ್ಪ್ರಿಂಗನ್ನೂ ಹೊತ್ತು, ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರ ಸುಮಾರಿಗೆ ಬ್ರಿಟನ್‌ನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಸ್ಟ್ರಟ್ ಇರಲಿಲ್ಲ. ನಮ್ಮ ಗ್ಯಾರೇಜುಗಳಿಗೆ ಅದನ್ನು ಮನೆಮಾತಾಗಿಸಿದ್ದು ಮಾರುತಿ 800 ಎಂದರೆ ತಪ್ಪಾಗದು.

ಮಾರುತಿ 800ರ ಮುಂದೆ ಸ್ಟ್ರಟ್, ಹಿಂದೆ ಪ್ರತ್ಯೇಕ ಶಾಕ್ ಅಬ್ಸಾರ್ಬರ್. 1983ರ ಮೊದಲ ಮಾದರಿಯಲ್ಲಿ ಹಿಂದೆ ಲೀಫ್ ಸ್ಪ್ರಿಂಗ್ ಇತ್ತು. 1986ರಲ್ಲಿ ಬಂದ ಹೊಸ ಬಾಡಿಯಲ್ಲಿ ಕಾಯಿಲ್ ಸ್ಪ್ರಿಂಗ್ ಬಂತು. ಬಿಡಿಭಾಗ ಕೊಳ್ಳುವಾಗ ವರ್ಷ, ಮಾದರಿ ಹೇಳದಿದ್ದರೆ ಬೇರೆಯದೇ ಕೈಗೆ ಬರಬಹುದು.

ಕೊಳ್ಳುವಾಗ

ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಎಡಗಡೆ ಹೊಸದು, ಬಲಗಡೆ ಹಳೆಯದು ಇದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರು ಸಮತೋಲನ ತಪ್ಪಬಹುದು. ಮುಂದಿನ ಸ್ಟ್ರಟ್‌ಗೆ ಮೇಲಿನ ರಬ್ಬರ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಜೊತೆಗೇ ತರುವುದು ಒಳ್ಳೆಯದು. ಹೇಗೂ ಬಿಚ್ಚುತ್ತೇವೆ, ಹಳೆಯ ರಬ್ಬರ್ ಉಳಿಸಿ ಲಾಭವಿಲ್ಲ.

ದೆಹಲಿಯ ಕಶ್ಮೀರಿ ಗೇಟ್, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗಳಲ್ಲಿ ಹುಡುಕಬಹುದು. ಆದರೆ ತೂತು ಕೊರೆದು, ಆಯಿಲ್ ತುಂಬಿ, ವೆಲ್ಡ್ ಮಾಡಿ, ಬಣ್ಣ ಬಳಿದ ‘ರಿಪೇರಿ’ ಶಾಕ್‌ಗಳೂ ಅಗ್ಗಕ್ಕೆ ಸಿಗುತ್ತವೆ. ನೋಡಲು ಹೊಸದರಂತೆಯೇ ಇರುತ್ತವೆ, ಬಾಳಿಕೆ ಬರುವುದಿಲ್ಲ. ಬಿಲ್ ಕೊಡದ ಅಂಗಡಿಯಲ್ಲಿ ಶಾಕ್ ಕೊಳ್ಳದಿರುವುದೇ ಲೇಸು.

ಹಿಂದಿನ ಶಾಕ್: ಇದು ಮನೆಯ ಕೆಲಸ

ಬೇಕಾಗುವುದು ಟ್ರಾಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ಕಟ್ಟೆ, 12ರಿಂದ 19ರವರೆಗಿನ ಸ್ಪ್ಯಾನರ್‌ಗಳು, ತಂತಿ ಬ್ರಷ್, ತುಕ್ಕು ಸಡಿಲಿಸುವ ಸ್ಪ್ರೇ. ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಇಟ್ಟಿಗೆ ಪೇರಿಸಿ ಕಾರು ನಿಲ್ಲಿಸುವ ಅಭ್ಯಾಸ ಇನ್ನೂ ಇದೆ. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತೂರುವುದೂ ಅಷ್ಟೇ ಅಪಾಯ.

ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಕಷ್ಟ ಕಡಿಮೆ. ಮುಂದಿನ ಚಕ್ರಗಳಿಗೆ ಕಟ್ಟೆ ಇಟ್ಟು, ಹಿಂಭಾಗ ಎತ್ತಿ, ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಚಕ್ರ ತೆಗೆಯಬೇಕು. ಮುಖ್ಯವಾದದ್ದು ಇನ್ನು ಮುಂದಿದೆ. ಆಕ್ಸಲ್ ಅತಿಯಾಗಿ ಕೆಳಗೆ ಜೋತು ಬೀಳದಂತೆ ಹಿಡಿದಿರುವುದು ಶಾಕ್ ಕೂಡ. ಅದನ್ನು ಬಿಚ್ಚಿದ ಕೂಡಲೇ ಆಕ್ಸಲ್ ಕುಸಿದು ಬ್ರೇಕ್ ಹೋಸ್ ಎಳೆಯಬಹುದು, ಕಾಯಿಲ್ ಸ್ಪ್ರಿಂಗ್ ಜಾಗ ತಪ್ಪಬಹುದು. ಆದ್ದರಿಂದ ಬಿಚ್ಚುವ ಮೊದಲು ಆಕ್ಸಲ್ ಕೆಳಗೆ ಜಾಕ್ ಕೊಟ್ಟಿರಬೇಕು. ಒಂದು ಕಡೆ ಮುಗಿದ ಮೇಲೆಯೇ ಇನ್ನೊಂದು ಕಡೆ.

ಹೊಸ ಶಾಕ್ ಕೂರಿಸುವ ಮುನ್ನ ಅದನ್ನು ನೆಟ್ಟಗೆ ಹಿಡಿದು ಮೂರು ನಾಲ್ಕು ಸಲ ಪೂರ್ತಿ ಒತ್ತಿ ಎಳೆಯಬೇಕು. ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಹೊರಬರುತ್ತದೆ. ಗ್ಯಾಸ್ ತುಂಬಿದ ಶಾಕ್ ಆದರೆ ಪಟ್ಟಿ ಕತ್ತರಿಸಿದೊಡನೆ ತಾನಾಗಿ ಚಾಚಿಕೊಳ್ಳುತ್ತದೆ. ಮುಖವನ್ನು ದೂರ ಇಡಬೇಕು. ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಲೇಬಾರದು. ಒಂದು ಗೀರು ಬಿದ್ದರೂ ಸೀಲ್ ಹರಿದು ಕೆಲವೇ ದಿನಗಳಲ್ಲಿ ಸೋರಲು ಶುರು.

ರಬ್ಬರ್ ಬುಷ್ ಹಾಯುವ ಬೋಲ್ಟನ್ನು ಕಾರು ಗಾಳಿಯಲ್ಲಿರುವಾಗಲೇ ಬಿಗಿಯುವುದು ಗ್ಯಾರೇಜುಗಳಲ್ಲೂ ಕಾಣುವ ಎಡವಟ್ಟು. ಹಾಗೆ ಮಾಡಿದರೆ ಕಾರು ಕೆಳಗಿಳಿದಾಗ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಮೊದಲು ಸಡಿಲವಾಗಿ ಹಾಕಿ, ತೂಕ ಚಕ್ರದ ಮೇಲೆ ಬಿದ್ದ ನಂತರ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು.

ಮುಂದಿನ ಸ್ಟ್ರಟ್: ಆ ಒಂದು ನಟ್ ಮುಟ್ಟಬೇಡಿ

ಬಾನೆಟ್ ತೆರೆದರೆ ಎರಡೂ ಬದಿ ಸ್ಟ್ರಟ್ ಟವರ್ ಕಾಣುತ್ತದೆ. ಅಂಚಿನಲ್ಲಿರುವ ನಟ್‌ಗಳು ಸ್ಟ್ರಟನ್ನು ಬಾಡಿಗೆ ಹಿಡಿದಿರುತ್ತವೆ, ಇವನ್ನು ತೆಗೆಯಬಹುದು. ನಟ್ಟನಡುವೆ ಇರುವ ಒಂದೇ ನಟ್ ಅದುಮಿಟ್ಟ ಸ್ಪ್ರಿಂಗನ್ನು ಹಿಡಿದುಕೊಂಡಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಅದನ್ನು ತೆಗೆದರೆ ಸ್ಪ್ರಿಂಗ್ ಗುಂಡಿನಂತೆ ಸಿಡಿಯುತ್ತದೆ. ಕಾರು ಚಿಕ್ಕದು, ಸ್ಪ್ರಿಂಗ್ ಚಿಕ್ಕದು ಎಂಬ ಧೈರ್ಯ ಇಲ್ಲಿ ಬೇಡ. ಮೂಳೆ ಮುರಿಯಲು ಆ ಬಲ ಸಾಕು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಚಕ್ರ ತೆಗೆದು, ಸ್ಟ್ರಟ್‌ಗೆ ಸಿಕ್ಕಿಸಿದ ಬ್ರೇಕ್ ಹೋಸನ್ನು ಕ್ಲಿಪ್‌ನಿಂದ ಬಿಡಿಸಿ, ಕೆಳತುದಿಯನ್ನು ನಕಲ್‌ನಿಂದ ಬೇರ್ಪಡಿಸಿ, ಮೇಲಿನ ಅಂಚಿನ ನಟ್‌ಗಳನ್ನು ತೆಗೆದು ಸ್ಟ್ರಟನ್ನು ಸ್ಪ್ರಿಂಗ್ ಸಮೇತ ಇಡಿಯಾಗಿ ಹೊರತೆಗೆಯುವುದು. ಈ ವೇಳೆ ನಕಲ್ ಭಾರ ಬ್ರೇಕ್ ಹೋಸ್ ಮೇಲೆ ಬೀಳದಂತೆ ತಂತಿಯಿಂದ ಕಟ್ಟಿರಬೇಕು. ಅದನ್ನು ಹೊರಕ್ಕೆ ಎಳೆದರೆ ಡ್ರೈವ್ ಶಾಫ್ಟ್ ಜಾಯಿಂಟ್ ಕಳಚಿ, ಒಂದು ಕೆಲಸ ಮೂರಾಗುತ್ತದೆ.

ಆಮೇಲೆ ಆ ಜೋಡಿಯನ್ನು ಹೊಸ ಬಿಡಿಭಾಗಗಳೊಂದಿಗೆ ಗೋಡೆಗೆ ಅಥವಾ ಬೆಂಚಿಗೆ ಕೂರಿಸಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಸ್ಪ್ರಿಂಗ್ ವರ್ಗಾಯಿಸಿಕೊಂಡು ಬರುವುದು ಜಾಣತನ. ಆನ್‌ಲೈನ್‌ನಲ್ಲಿ ಸಿಗುವ ಎರಡು ಕೊಕ್ಕೆಯ ಅಗ್ಗದ ಕಂಪ್ರೆಸರ್ ಜಾರುವುದುಂಟು. ಅಭ್ಯಾಸವಿಲ್ಲದವರು ಅದನ್ನು ಬಳಸದಿರುವುದೇ ಒಳಿತು.

ಸ್ಟ್ರಟ್ ಹೊರಗಿರುವಾಗ ಟವರ್‌ನ ತಗಡನ್ನು ಟಾರ್ಚ್ ಹಾಕಿ ನೋಡಬೇಕು. ಗುರುಗ್ರಾಮದ ಬಿಸಿಲು, ಧೂಳಿಗೆ ರಬ್ಬರ್ ಒಣಗಿ ಬಿರಿಯುತ್ತದೆ, ತಗಡು ಹೆಚ್ಚಾಗಿ ಉಳಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಕಾರುಗಳಲ್ಲಿ ಇದು ತಿರುಗುಮುರುಗು: ಉಪ್ಪು ಗಾಳಿಗೆ ಟವರ್‌ನ ತಗಡೇ ತುಕ್ಕು ತಿಂದಿರಬಹುದು. ಸ್ಕ್ರೂಡ್ರೈವರ್‌ನಿಂದ ಚುಚ್ಚಿದಾಗ ಪುಡಿ ಉದುರಿದರೆ ಹೊಸ ಸ್ಟ್ರಟ್ ಹಾಕಿ ಪ್ರಯೋಜನವಿಲ್ಲ, ಮೊದಲು ವೆಲ್ಡಿಂಗ್ ಆಗಬೇಕು.

ಸ್ಟ್ರಟ್ ಬದಲಿಸಿದರೆ ಚಕ್ರದ ಕೋನವೂ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಕರ್ನಾಟಕದಲ್ಲಿ ಆರ್‌ಸಿ ನವೀಕರಿಸಿದ ಕಾರಿಗೆ ಇದು ಹತ್ತು ನಿಮಿಷದ ದಾರಿ. ಗುರುಗ್ರಾಮದಲ್ಲಿ ಅವಧಿ ಮೀರಿದ ಕಾರನ್ನು ಅಲೈನ್‌ಮೆಂಟ್ ಅಂಗಡಿವರೆಗೆ ಓಡಿಸಿದರೂ ಸಿಕ್ಕಿಬಿದ್ದರೆ ಜಪ್ತಿಯಾಗಬಹುದು, ಟೋಯಿಂಗ್ ವಾಹನದ ಮೇಲೆಯೇ ಒಯ್ಯಬೇಕು. ಎನ್‌ಒಸಿ ಪಡೆದು ಲಾರಿಯಲ್ಲಿ ಬೆಂಗಳೂರಿಗೆ ಕಳಿಸುವವರು ಮುಂದಿನ ಸ್ಟ್ರಟ್ ಕೆಲಸವನ್ನು ಇಲ್ಲಿಗೆ ಬಂದ ಮೇಲೆ ಮಾಡಿಸಿದರೆ ಆ ಖರ್ಚು ಉಳಿಯುತ್ತದೆ. ಓಡಿಸಲು ಶುರುಮಾಡಿ ನೂರು ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಕಳಚಿದ ಹಳೆಯ ಶಾಕ್‌ನಲ್ಲಿ ಆಯಿಲ್, ಕೆಲವದರಲ್ಲಿ ಒತ್ತಡದ ಗ್ಯಾಸ್ ಇರುತ್ತದೆ. ಅದನ್ನು ಬೆಂಕಿಗೆ ಹಾಕದೆ, ಗರಗಸದಿಂದ ಕೊಯ್ಯದೆ ಗುಜರಿಯವರಿಗೆ ಶಾಕ್ ಎಂದು ಹೇಳಿಯೇ ಕೊಡಬೇಕು.