ಮಾರ್ಕಂಡೇಯ ನದಿ

ಮಾರ್ಕಂಡೇಯ ಬೆಳಗಾವಿ ಜಿಲ್ಲೆಯಲ್ಲೇ ಹುಟ್ಟಿ ಜಿಲ್ಲೆಯಲ್ಲೇ ಮುಗಿಯುವ ಚಿಕ್ಕ ನದಿ; ಘಟಪ್ರಭೆಯ ಉಪನದಿ, ಆ ಮೂಲಕ ಕೃಷ್ಣಾ ಕಣಿವೆಗೆ ಸೇರಿದ್ದು. ಖಾನಾಪುರ ತಾಲ್ಲೂಕಿನ ಬೈಲೂರು ಬಳಿ, ಪಶ್ಚಿಮಘಟ್ಟದ ಅಂಚಿನಲ್ಲಿ ಇದರ ಉಗಮ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದ ಕಡೆ ಹರಿದರೆ, ಮಾರ್ಕಂಡೇಯ ಬೆಳಗಾವಿ ನಗರದ ಪಶ್ಚಿಮ ಮತ್ತು ಉತ್ತರವನ್ನು ಬಳಸಿ ಈಶಾನ್ಯಕ್ಕೆ ಸಾಗುತ್ತದೆ.

ಮೊದಲ ಘಟ್ಟದಲ್ಲೇ ರಕ್ಕಸಕೊಪ್ಪ ಜಲಾಶಯವಿದೆ. ಹಿಡಕಲ್ ಜಲಾಶಯದ ನೀರಿನೊಂದಿಗೆ ಬೆಳಗಾವಿ ನಗರದ ಬಾಯಾರಿಕೆ ತಣಿಸುವುದು ಇದೇ. ಮುಂದೆ ಕಂಗ್ರಾಳಿ, ಕಡೋಲಿ, ಕಾಕತಿ ಸುತ್ತಲಿನ ಭತ್ತ, ತರಕಾರಿ ಹೊಲಗಳ ನಡುವೆ ಹೊಳೆ ಹರಿಯುತ್ತದೆ. ನಗರದ ಚರಂಡಿ ನೀರು ಹೊತ್ತ ಬಳ್ಳಾರಿ ನಾಲೆಯೂ ಇದನ್ನೇ ಸೇರುತ್ತದೆ. ಮಳೆಗಾಲದಲ್ಲಿ ಆ ನಾಲೆ ಉಕ್ಕಿ ಹೊಲಗಳಲ್ಲಿ ನಿಲ್ಲುವುದು ರೈತರ ಹಳೆಯ ಸಂಕಟ. ಕುಡಿಯುವ ನೀರು ಕೊಟ್ಟ ಹೊಳೆಗೆ ಊರು ಕೊಳಚೆಯನ್ನು ಮರಳಿಸುವುದು ಅನ್ಯಾಯವೇ ಸರಿ.

ಹುಕ್ಕೇರಿ ತಾಲ್ಲೂಕಿನ ಶಿರೂರಿನಲ್ಲಿ ನೀರಾವರಿಗಾಗಿ ಅಣೆಕಟ್ಟು ಇದೆ. ಗೋಕಾಕ ತಾಲ್ಲೂಕಿನಲ್ಲಿ ನೆಲ ಮರಳುಗಲ್ಲಿನ ಬೆಟ್ಟಗಳಾಗಿ ಬದಲಾಗುತ್ತದೆ. ಅಲ್ಲಿ ಗೊಡಚಿನಮಲ್ಕಿ ಜಲಪಾತ: ನದಿ ಸುಮಾರು 25 ಮೀಟರ್ ಧುಮುಕಿ, ಬಂಡೆಗಳ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು, ಇನ್ನೊಮ್ಮೆ ಬೀಳುತ್ತದೆ. ಮಳೆಗಾಲದಲ್ಲಿ ಕೆಮ್ಮಣ್ಣಿನ ಬಣ್ಣದ ನೀರು ಬಂಡೆಯ ಅಗಲಕ್ಕೂ ಹರಡಿ ಇಳಿಯುತ್ತದೆ. ಬೇಸಿಗೆಯಲ್ಲಿ ಪದರುಪದರಾದ ಬರಿಗಲ್ಲು ಕಾಣುತ್ತದೆ. ಘಟಪ್ರಭೆಯ ಗೋಕಾಕ ಜಲಪಾತದಷ್ಟು ಹೆಸರಿಲ್ಲದಿದ್ದರೂ ಚೆಲುವಿನಲ್ಲಿ ಇದು ಕಡಿಮೆಯಲ್ಲ.

ಗೋಕಾಕ ಪಟ್ಟಣದ ಹತ್ತಿರ ನದಿ ಘಟಪ್ರಭೆಯಲ್ಲಿ ಕೂಡುತ್ತದೆ. 2019ರ ಆಗಸ್ಟ್‌ನಲ್ಲಿ ಎರಡೂ ನದಿಗಳು ಒಟ್ಟಿಗೆ ಉಕ್ಕಿ ಗೋಕಾಕದ ತಗ್ಗು ಬಡಾವಣೆಗಳು ಮುಳುಗಿದ್ದವು.